ಗಾಲಿಯ ಮೇಲಣ ಮನೆಯಲ್ಲಿ ಅತ್ತೆಯವರು

ಪ್ರವಾಸ ಹೊರಡುವಾಗ ಮನೆಗೆ ಬೀಗ ಹಾಕಿ ಹೊರಡುವುದು ಲೋಕರೂಢಿ. ಮನೆಯನ್ನೇ ಜೊತೆಗೆ ಕರೆದೊಯ್ಯುವ ಪದ್ಧತಿಯೊಂದು, ನಾವು ಹದಿನಾಲ್ಕು ವರ್ಷಗಳಿಂದ ನೆಲಸಿರುವ ಕೆನಡಾ ದೇಶದಲ್ಲಿ ಬಳಕೆಯಲ್ಲಿದೆ. ಲಾರಿಯಷ್ಟು ದೊಡ್ಡದಾದ ಮೋಟಾರು ಬಂಡಿಯೊಳಗೆ ಅಡುಗೆಯ ಒಲೆ, ಫ್ರಿಜ್ಜು, ಮಂಚಗಳು, ಸ್ನಾನ ಶೌಚಗಳ ಕೋಣೆ ಎಲ್ಲವನ್ನೂ ಅಡಕಮಾಡಿರುತ್ತಾರೆ. ಚಾಲಕನ ತಲೆಯ ಮೇಲೊಂದು ಅಟ್ಟವುಂಟು. ಮಕ್ಕಳು ಅಲ್ಲಿ ಮಲಗಬಹುದು. ಊಟದ ಮೇಜನ್ನು ತಗ್ಗಿಸಿ ಮೆತ್ತೆ ಹಾಸಿದರೆ ಅದೇ ಮಂಚವಾಗುತ್ತದೆ. ಇದನ್ನು ನಡೆಸಲು ನಮ್ಮ ಆಲ್ಬರ್ಟಾ ಪ್ರಾಂತದಲ್ಲಿ ಸಾಮಾನ್ಯವಾದ ಕಾರಿನ ಪರವಾನಗಿಯೇ ಸಾಕು. ಇಂತಹ ಮೋಟಾರು-ಮನೆಯೊಂದನ್ನು 2025ರ ಜುಲೈ ತಿಂಗಳಲ್ಲಿ ನಾವು ಒಂದು ವಾರದ ಮಟ್ಟಿಗೆ ಬಾಡಿಗೆಗೆ ಹಿಡಿದು, ಕ್ಯಾಲ್ಗರಿ ಪಟ್ಟಣದಿಂದ ರಾಕಿ ಪರ್ವತಗಳಿಗೆ ಹೊರಟೆವು.

ಗಂಡ ಹೆಂಡತಿ ಮತ್ತು ಇಬ್ಬರು ಮಕ್ಕಳೆಂದು ಲೆಕ್ಕ ಹಾಕಿದ್ದ ಪ್ರವಾಸಕ್ಕೆ ಐದನೆಯವರಾಗಿ ಸೇರಿದವರು ತೀರ್ಥಹಳ್ಳಿಯ ಕಡೆಯಿಂದ ಬಂದಿದ್ದ ನಮ್ಮ ಅತ್ತೆಯವರು. ಅವರಿಗೆ ಎಪ್ಪತ್ತು ತುಂಬಿದೆ. ಮಾವನವರು ತೀರಿಕೊಂಡು ಎರಡು ವರ್ಷಗಳಾದುವು. ಹೆಂಚಿನ ಮನೆ, ಹಿಂದೆ ಅಡಕೆಯ ತೋಟ, ಮುಂದೆ ಅಂಗಳ, ಅಷ್ಟಕ್ಕೂ ಅವರೊಬ್ಬರೇ. ಕಳೆದ ಮಳೆಗಾಲದಲ್ಲಿ ಬಚ್ಚಲಿನಲ್ಲಿ ಜಾರಿ ಬಿದ್ದವರು, ಬೆಳಗ್ಗೆ ತೋಟದ ಆಳು ಬರುವ ತನಕ ಏಳಲಾರದೆ ಅಲ್ಲಿಯೇ ಇದ್ದರಂತೆ. ಆ ಸುದ್ದಿ ನಮಗೆ ತಿಳಿದುದು ಹದಿನೈದು ದಿನಗಳ ಮೇಲೆ, ಅದೂ ಬೇರೆಯವರ ಬಾಯಿಂದ. ಅಂದಿನಿಂದ ನಮ್ಮ ಯಜಮಾನರಿಗೆ ನೆಮ್ಮದಿಯ ನಿದ್ದೆಯಿಲ್ಲ. ಮನೆಯನ್ನೂ ತೋಟವನ್ನೂ ಕೊಳ್ಳಲು ಗಿರಾಕಿಯೊಬ್ಬರು ಸಿದ್ಧರಾಗಿ, ತಿಂಗಳೊಳಗೆ ಉತ್ತರ ಬೇಕೆಂದಿದ್ದರು. ಬೆಟ್ಟಗಳ ನಡುವೆ, ಅತ್ತೆಯವರ ಮನಸ್ಸು ಪ್ರಸನ್ನವಾಗಿರುವ ಸಮಯ ನೋಡಿ, ಮಾರಾಟಕ್ಕೆ ಒಪ್ಪಿಸಿ ಇಲ್ಲಿಯೇ ಉಳಿಸಿಕೊಳ್ಳಬೇಕೆಂಬುದು ನಮ್ಮ ಗೂಢೋದ್ದೇಶವಾಗಿತ್ತು. ಹೀಗೆ ಉಪಾಯ ಹೂಡಿದುದು ಸರಿಯೇ ಎಂದು ವಾಚಕ ಸೋದರಿಯರು ಕೇಳಬಹುದು. ಆಗ ನಮಗೆ ಸರಿಯೆಂದೇ ತೋರಿತ್ತು.

ಬಂಡಿಯೊಳಗೆ ಕಾಲಿಟ್ಟೊಡನೆ ಅತ್ತೆಯವರು ಒಲೆ ಯಾವ ದಿಕ್ಕಿಗಿದೆಯೆಂದು ಕೇಳಿದರು. ಬಂಡಿ ತಿರುಗಿದಂತೆ ದಿಕ್ಕೂ ತಿರುಗುವುದೆಂದು ಮೊಮ್ಮಗಳು ಹೇಳಲು, ನಕ್ಕು ಸುಮ್ಮನಾದರು. ಬಾಗಿಲ ಬಳಿ ಬಂಡಿಯ ಬೀಗದ ಕೈಯನ್ನು ತೂಗುಹಾಕುವ ಕೊಕ್ಕೆಯೊಂದಿತ್ತು. ತಮ್ಮ ಚೀಲದಿಂದ ಊರಮನೆಯ ಹಿತ್ತಾಳೆಯ ಬೀಗದ ಕೈಯನ್ನು ತೆಗೆದು ಅದೇ ಕೊಕ್ಕೆಗೆ ಸಿಕ್ಕಿಸಿದರು. ನಾವು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡೆವು.

ಕ್ಯಾಲ್ಗರಿಯಿಂದ ಬ್ಯಾನ್ಫ್ ಊರಿಗೆ ಸುಮಾರು 130 ಕಿಲೋಮೀಟರು. ಅಲ್ಲಿನ ಬಿಸಿನೀರಿನ ಊಟೆಗಳ ಸುತ್ತಣ ನೆಲವನ್ನು 1885ರಲ್ಲಿ ಸರಕಾರ ಕಾದಿಟ್ಟುದರಿಂದ ಕೆನಡಾದ ಮೊದಲನೆಯ ರಾಷ್ಟ್ರೀಯ ಉದ್ಯಾನ ಹುಟ್ಟಿತು. ಬಂಡಿಗಳು ತಂಗುವ ಬಯಲಿನಲ್ಲಿ ರಾತ್ರಿ ಹನ್ನೊಂದರಿಂದ ಬೆಳಗಿನ ಏಳರವರೆಗೆ ಸದ್ದು ಮಾಡಕೂಡದೆಂಬ ಕಟ್ಟಳೆಯಿದೆ. ಆ ಕಟ್ಟಳೆಯನ್ನು ಮೊದಲ ದಿನವೇ ನಾವು ಮುರಿದೆವು. ಅತ್ತೆಯವರು ಐದೂವರೆಗೆ ಎದ್ದು, ಮಿಂದು, ಮೂಲೆಯಲ್ಲಿ ದೇವರ ಪಟವನ್ನಿಟ್ಟು ಊದುಬತ್ತಿ ಹಚ್ಚಿದರು. ಹೊಗೆಯ ವಾಸನೆ ಹತ್ತಿದೊಡನೆ ಎಚ್ಚರಿಕೆಯ ಯಂತ್ರವು ಕಿರಿಚತೊಡಗಿತು. ನಮ್ಮ ಯಜಮಾನರು ಪಂಚೆಯಲ್ಲೇ ಎದ್ದು ಟವಲು ಬೀಸಿ ಬೀಸಿ ಅದನ್ನು ಸುಮ್ಮನಾಗಿಸುವಷ್ಟರಲ್ಲಿ ನೆರೆಬಂಡಿಗಳ ಕಿಟಕಿಗಳಲ್ಲಿ ಮುಖಗಳು ಕಾಣಿಸಿಕೊಂಡುವು. “ಇಷ್ಟು ಗಟ್ಟಿಯಾಗಿ ನನ್ನ ಪೂಜೆಯನ್ನು ಯಾರೂ ಸಾರಿರಲಿಲ್ಲ ಮಾರಾಯ್ತಿ,” ಎಂದರು ಅತ್ತೆಯವರು. ಬಾಗಿಲ ಮುಂದೆ ಅಕ್ಕಿಹಿಟ್ಟಿನ ರಂಗೋಲಿ ಇಡಲು ಹೊರಟಾಗಲೂ ತಡೆಯಬೇಕಾಯಿತು. ಕರಡಿಗಳು ವಾಸನೆ ಹಿಡಿದು ಬರುವುದರಿಂದ ಆಹಾರವೆನಿಸಿದ ಯಾವುದನ್ನೂ ಹೊರಗೆ ಬಿಡುವಂತಿಲ್ಲ. ಅವರು ಬೆರಳನ್ನು ನೀರಿನಲ್ಲಿ ಅದ್ದಿ ಮೆಟ್ಟಲ ಮೇಲೆ ನಾಲ್ಕು ಗೆರೆ ಎಳೆದರು. ಬಿಸಿಲು ಬರುವಷ್ಟರಲ್ಲಿ ಅದು ಆರಿಹೋಯಿತು.

ಮೋಟಾರು-ಮನೆಯ ಸಂಸಾರವೆಲ್ಲ ನೀರಿನ ಸಂಸಾರ. ಒಳ್ಳೆಯ ನೀರಿಗೊಂದು ತೊಟ್ಟಿ, ಪಾತ್ರೆ ತೊಳೆದ ಮತ್ತು ಮಿಂದ ನೀರಿಗೊಂದು, ಶೌಚದ ನೀರಿಗೊಂದು. ನಮ್ಮ ಬಂಡಿಯ ಒಳ್ಳೆಯ ನೀರಿನ ತೊಟ್ಟಿ ಹಿಡಿಯುತ್ತಿದ್ದುದು ಸುಮಾರು 150 ಲೀಟರು. ಕೊಳಾಯಿ ತಿರುಗಿಸಿದರೆ ನೀರು ಬಂದೇ ಬರುವುದೆಂಬ ನಂಬಿಕೆಯಲ್ಲಿ ಬೆಳೆದ ನಮ್ಮ ಮಕ್ಕಳು ಅದನ್ನು ಎರಡನೆಯ ದಿನ ಮಧ್ಯಾಹ್ನಕ್ಕೇ ಬರಿದು ಮಾಡಿದರು. ಅಂದಿನಿಂದ ನೀರಿನ ಅಧಿಕಾರವನ್ನು ಅತ್ತೆಯವರು ಕೈಗೆ ತೆಗೆದುಕೊಂಡರು. ಬಾವಿಯಿಂದ ಸೇದಿ ಹೊತ್ತು ಬಾಳಿದ ಕೈಗೆ ಒಂದು ಚೊಂಬಿನ ಬೆಲೆ ಗೊತ್ತು. ಅಕ್ಕಿ ತೊಳೆದ ನೀರಿನಲ್ಲಿ ಪಾತ್ರೆ ನೆನೆಹಾಕಿದರು, ತಂಬುಳಿ ಅನ್ನಗಳಿಗೆ ಎರಡೇ ಪಾತ್ರೆ ಸಾಕೆಂದು ತೋರಿಸಿಕೊಟ್ಟರು. ಅಲ್ಲಿಂದ ಮುಂದಿನ ತೊಟ್ಟಿ ನಮಗೆ ಮೂರು ದಿನ ಬಂದಿತು.

ಲೇಕ್ ಲೂಯಿಸ್ ಎಂಬಲ್ಲಿಂದ ಜಾಸ್ಪರ್ ಊರಿನವರೆಗೆ ಪರ್ವತಗಳ ನಡುವೆ ಸುಮಾರು 230 ಕಿಲೋಮೀಟರಿನ ಹೆದ್ದಾರಿಯಿದೆ. ಹೆಸರು ಐಸ್‌ಫೀಲ್ಡ್ಸ್ ಪಾರ್ಕ್‌ವೇ, ತೆರೆದುದು 1940ರಲ್ಲಿ. ಸರಕಿನ ಲಾರಿಗಳಿಗೆ ಅಲ್ಲಿ ಪ್ರವೇಶವಿಲ್ಲ, ದೂರವಾಣಿಯ ಸಂಪರ್ಕ ಬಹುಪಾಲು ಇಲ್ಲ. ಬೋ ಕಣಿವೆಯ ನೆತ್ತಿಯಲ್ಲಿ 2,000 ಮೀಟರಿಗೂ ಮೇಲೆ ನಿಂತು ಕೆಳಗಿನ ಪೇಟೋ ಸರೋವರವನ್ನು ಕಂಡೆವು. ಅದರ ಬಣ್ಣವನ್ನು ಹೇಗೆ ಹೇಳೋಣ? ನವಿಲಿನ ಕತ್ತಿನ ನೀಲಿಗೆ ಸ್ವಲ್ಪ ಹಾಲು ಬೆರೆಸಿದಂತೆ. ಹಿಮನದಿಯು ಬಂಡೆಯನ್ನು ತೇಯ್ದು ತಂದ ನುಣುಪಾದ ಕಲ್ಲಿನ ಹಿಟ್ಟು ನೀರಿನಲ್ಲಿ ತೇಲುತ್ತಿದ್ದು, ಬೆಳಕಿಗೆ ಆ ಬಣ್ಣವನ್ನು ಕೊಡುತ್ತದೆ. ಅತ್ತೆಯವರು ಬಹಳ ಹೊತ್ತು ನೋಡಿ, “ಯಾರೂ ಅರಿವೆ ಒಗೆಯದ ನೀರು,” ಎಂದಷ್ಟೇ ನುಡಿದರು.

ಮೂರನೆಯ ದಿನ ಬಂಡಿ ಏದುತ್ತಾ ಸನ್‌ವಾಪ್ಟ ಕಣಿವೆಯನ್ನೇರಿ ಕೊಲಂಬಿಯಾ ಹಿಮಕ್ಷೇತ್ರದ ಎದುರಿಗೆ ನಿಂತಿತು. ಈ ಹಿಮಕ್ಷೇತ್ರದಲ್ಲಿ ಕರಗಿದ ನೀರು ಮೂರು ಹಾದಿ ಹಿಡಿಯುತ್ತದೆ: ಒಂದು ಪಾಲು ಪಶ್ಚಿಮಕ್ಕೆ ಪೆಸಿಫಿಕ್ ಸಾಗರಕ್ಕೆ, ಒಂದು ಪೂರ್ವದ ಹಡ್ಸನ್ ಕೊಲ್ಲಿಗೆ, ಇನ್ನೊಂದು ಉತ್ತರದ ಆರ್ಕ್ಟಿಕ್ ಸಾಗರಕ್ಕೆ. ಯಜಮಾನರು ಇದನ್ನು ಬೆರಗಿನಿಂದ ವಿವರಿಸಲು, ತುಂಗೆ ಮೂಡಣಕ್ಕೂ ನೇತ್ರಾವತಿ ಪಡುವಣಕ್ಕೂ ಒಂದೇ ಬೆಟ್ಟಸಾಲಿನಿಂದ ಇಳಿಯುವುದನ್ನು ಬಲ್ಲ ತಾಯಿ, “ನಮ್ಮಲ್ಲಿ ಎರಡು, ಇಲ್ಲಿ ಮೂರು,” ಎಂದು ಲೆಕ್ಕವನ್ನು ಮುಗಿಸಿದರು.

ಅತಬಾಸ್ಕ ಹಿಮನದಿಯ ಬುಡಕ್ಕೆ ಕಾಲುದಾರಿಯುಂಟು. ನೂರಿಪ್ಪತ್ತೈದು ವರ್ಷಗಳಲ್ಲಿ ಅದು ಒಂದೂವರೆ ಕಿಲೋಮೀಟರಿಗೂ ಹೆಚ್ಚು ಹಿಂದೆ ಸರಿದಿದೆ. ಯಾವ ವರ್ಷದಲ್ಲಿ ಹಿಮ ಎಲ್ಲಿಯವರೆಗೆ ಇತ್ತೆಂಬುದನ್ನು ದಾರಿಯುದ್ದಕ್ಕೂ ಫಲಕಗಳು ಹೇಳುತ್ತವೆ. ಅತ್ತೆಯವರು ನಮ್ಮ ತೋಳು ಹಿಡಿದು, ಹತ್ತು ಹೆಜ್ಜೆಗೊಮ್ಮೆ ನಿಂತು, 1992 ಎಂದಿದ್ದ ಫಲಕದವರೆಗೆ ಬಂದರು. ಅಲ್ಲಿಂದ ಹಿಮದ ತುದಿ ಇನ್ನೂ ದೂರದಲ್ಲಿತ್ತು. ನಡುವೆ ಬರಿಯ ಕಲ್ಲು, ಜಲ್ಲಿ, ಕೆಸರು. ಫಲಕದ ಮೇಲೆ ಕೈಯಿಟ್ಟುಕೊಂಡು, “ಅವರು ಹಿತ್ತಲ ಬಾವಿ ತೆಗೆಸಿದ್ದು ಇದೇ ವರ್ಷ. ಈ ಬೇಸಗೆಯಲ್ಲಿಯೂ ಬತ್ತಲಿಲ್ಲ,” ಎಂದರು. ಮಾವನವರ ಮಾತನ್ನು ಅವರಾಗಿಯೇ ತೆಗೆದುದು ಆ ಪ್ರವಾಸದಲ್ಲಿ ಅದೊಂದೇ ಸಲ.

ಆ ರಾತ್ರಿ ಹಿಮಕ್ಷೇತ್ರದ ಎದುರಿಗೇ ತಂಗಿದೆವು. ಜುಲೈಯಾದರೂ ಚಳಿ ಕೊರೆಯುತ್ತಿತ್ತು. ಊಟವಾದ ಮೇಲೆ ಯಜಮಾನರು ಮಾತೆತ್ತಲು ಗಂಟಲು ಸರಿಮಾಡಿಕೊಂಡರು. ಅಷ್ಟರಲ್ಲಿ ಅತ್ತೆಯವರೇ, “ಮನೆ ಮಾರುವ ಸುದ್ದಿಯನ್ನು ಯಾವಾಗ ತೆಗೆಯುತ್ತೀರೆಂದು ಮೂರು ದಿನದಿಂದ ಕಾಯುತ್ತಿದ್ದೇನೆ,” ಎಂದರು. ನಮಗೆ ನಾಚಿಕೆಯಿಂದ ತಲೆಯೆತ್ತಲಾಗಲಿಲ್ಲ. “ಬಹಳ ಚೆಂದದ ಬಂಡಿ ಇದು. ಆದರೆ ನಾನು ನೀರು ಕುಡಿಯಲು ಎದ್ದರೂ ಇನ್ನೊಬ್ಬರು ಕಾಲು ಮಡಚಬೇಕು. ಮಗನ ಮನೆಯಲ್ಲಿಯೂ ಹಾಗೆಯೇ. ನೀವು ಮಡಚಿಕೊಳ್ಳುತ್ತೀರಿ, ಬೇಸರವಿಲ್ಲದೆ. ನನಗೆ ಮಾತ್ರ ಅದು ತಿಳಿಯುತ್ತದೆ.”

“ಮತ್ತೆ ಬಿದ್ದರೆ?” ಎಂದರು ಯಜಮಾನರು. ಧ್ವನಿ ಏರಿತ್ತು. “ಇಲ್ಲಿಂದ ನಾನು ಬರಲು ಎರಡು ದಿನ ಬೇಕು. ರಾತ್ರಿಯೆಲ್ಲ ಕಲ್ಲಿನ ಮೇಲೆ ಬಿದ್ದಿದ್ದಿ. ನಮಗೆ ಹೇಳಲೂ ಇಲ್ಲ.”

ಅತ್ತೆಯವರು ಬಹಳ ಹೊತ್ತು ಸುಮ್ಮನಿದ್ದರು. “ಹೇಳದಿದ್ದುದು ತಪ್ಪು, ಮಾಣಿ,” ಎಂದರು ಕೊನೆಗೆ. ಬಚ್ಚಲಿಗೆ ಹಿಡಿಕೆ ಹಾಕಿಸುವುದಕ್ಕೂ, ಪಕ್ಕದ ಮನೆಯ ಹುಡುಗಿಯನ್ನು ರಾತ್ರಿ ಜೊತೆಗೆ ಮಲಗಿಸಿಕೊಳ್ಳುವುದಕ್ಕೂ, ವರ್ಷದಲ್ಲಿ ನಾಲ್ಕು ತಿಂಗಳು ಇಲ್ಲಿಗೆ ಬರುವುದಕ್ಕೂ ಒಪ್ಪಿದರು. ಮನೆಯ ವಿಷಯದಲ್ಲಿ ಮಾತ್ರ, ಅಡಕೆ ಕೊಯ್ಲಿಗೆ ಮೊದಲು ತಾವು ಅಲ್ಲಿರಬೇಕೆಂದರು. ಯಜಮಾನರು ಹೌದೆನ್ನಲೂ ಇಲ್ಲ, ಇಲ್ಲವೆನ್ನಲೂ ಇಲ್ಲ. ಹೊದಿಕೆ ಎಳೆದುಕೊಂಡು ಗೋಡೆಯ ಕಡೆಗೆ ತಿರುಗಿ ಮಲಗಿದರು.

ಜಾಸ್ಪರ್ ಸಮೀಪಿಸಿದಂತೆ ಕಾಡು ಕಪ್ಪಾಯಿತು. 2024ರ ಜುಲೈಯಲ್ಲಿ ಕಾಳ್ಗಿಚ್ಚು ಅಲ್ಲಿಗೆ ನುಗ್ಗಿ, ಊರಿನ ಕಟ್ಟಡಗಳಲ್ಲಿ ಸುಮಾರು ಮೂರರಲ್ಲೊಂದು ಪಾಲನ್ನು ಸುಟ್ಟಿತು. ಜನರನ್ನು ಮೊದಲೇ ತೆರವು ಮಾಡಿಸಿದ್ದರು. ಒಂದು ವರ್ಷದ ಮೇಲೆ ನಾವು ಕಂಡುದು ಬರಿಯ ಅಡಿಪಾಯಗಳನ್ನು, ಅಲ್ಲಲ್ಲಿ ಎದ್ದ ಹೊಸ ಮರದ ಚೌಕಟ್ಟುಗಳನ್ನು. ಅಂಥ ಚೌಕಟ್ಟೊಂದರ ಮುಂದೆ ಇಳಿವಯಸ್ಸಿನ ದಂಪತಿಗಳು ಮಡಿಚುವ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಪಕ್ಕದಲ್ಲಿ ನಮ್ಮದರಂತಹುದೇ ಒಂದು ಮೋಟಾರು-ಮನೆ; ಮನೆ ಏಳುವ ತನಕ ಅವರ ವಾಸ ಅದರಲ್ಲಿ. ಯಜಮಾನರು ಬಂಡಿಯನ್ನು ನಿಧಾನಗೊಳಿಸಿದರು. ಅತ್ತೆಯವರು ಕಿಟಕಿಯಿಂದ ಕೈ ಮುಗಿದರು. ಆಕೆಯೂ ಅತ್ತಲಿಂದ ಕೈಯೆತ್ತಿದಳು.

ಊರೊಳಗೆ ದೂರವಾಣಿಯ ಸಂಪರ್ಕ ಬಂದಿತು. ಗಿರಾಕಿಯವರ ಸಂದೇಶ ಎರಡು ದಿನದಿಂದ ಕಾದಿತ್ತು. ಕೊಳೆನೀರಿನ ತೊಟ್ಟಿಗಳನ್ನು ಬರಿದು ಮಾಡುವ ಕಟ್ಟೆಯ ಬಳಿ ಬಂಡಿಯನ್ನು ನಿಲ್ಲಿಸಿ ಯಜಮಾನರು ದೂರ ಹೋಗಿ ನಿಂತು ಮಾತಾಡಿದರು. ನಾವು ಕೈಗವಸು ತೊಟ್ಟು ಕೊಳವೆ ಜೋಡಿಸುವುದರಲ್ಲಿದ್ದೆವು. ಅವರು ಹಿಂತಿರುಗಿ ಬಂದು ಬಾಗಿಲ ಬಳಿಯ ಕೊಕ್ಕೆಯಿಂದ ಹಿತ್ತಾಳೆಯ ಬೀಗದ ಕೈಯನ್ನು ತೆಗೆದು ತಾಯಿಯ ಕೈಗೆ ಕೊಟ್ಟು, “ಅಕ್ಟೋಬರಿಗೆ ಟಿಕೆಟ್ಟು ಮಾಡುತ್ತೇನೆ. ನಾನೂ ಜೊತೆಗೆ ಬಂದು ಬಚ್ಚಲಿಗೆ ಹಿಡಿಕೆ ಹಾಕಿಸಿಯೇ ಹೊರಡುವುದು,” ಎಂದರು.

ಅತ್ತೆಯವರು ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಹೊರಗೆ ಇಣುಕಿ ನೋಡಿ, “ಆ ಕೊಳಾಯಿ ಸರಿಯಾಗಿ ಮುಚ್ಚಿದಿರೋ? ನೀರು ಹನಿಯುತ್ತಿದೆ,” ಎಂದರು.