ಸಂಕ ದಾಟುವ ಮುನ್ನ

ಅಡ್ಡಗದ್ದೆಯ ಆಸುಪಾಸಿನಲ್ಲಿ ಬೆಳೆದ ನನ್ನ ವಯಸ್ಸಿನವರಿಗೆ ಸಂಕವೆಂದರೇನೆಂದು ವಿವರಿಸಬೇಕಾಗಿಲ್ಲ. ಹಳ್ಳಕ್ಕೆ ಅಡ್ಡಲಾಗಿ ಎರಡು ಮೂರು ಅಡಿಕೆಮರಗಳನ್ನು ಹಾಸಿ ಬಿಗಿದರೆ ಅದೇ ನಮ್ಮ ಸೇತುವೆ. ಮಳೆಗಾಲದಲ್ಲಿ ಮಕ್ಕಳು ಶಾಲೆಗೆ ಬರುತ್ತಿದ್ದುದು ಅದರ ಮೇಲೆಯೇ. ಅಡಿಕೆಮರದ ಬಲವೆಲ್ಲ ಹೊರಸುತ್ತಿನಲ್ಲಿ. ಒಳಗಿನ ತಿರುಳು ಮೆದು. ಆದ್ದರಿಂದ ನೋಡಲು ಸದೃಢವಾಗಿರುವ ಮರವೂ ಒಳಗೆ ಲಡ್ಡಾಗಿರಬಹುದು. ಮುಂಗಾರಿಗೆ ಮೊದಲು ಹಿರಿಯರು ಕತ್ತಿಯ ಹಿಂಬದಿಯಿಂದ ಮರವನ್ನು ಉದ್ದಕ್ಕೂ ತಟ್ಟಿ ಸದ್ದನ್ನು ಆಲಿಸುತ್ತಿದ್ದರು. ಗಟ್ಟಿ ಮರದ ಸದ್ದು ಬೇರೆ, ಟೊಳ್ಳು ಮರದ್ದು ಬೇರೆ. ಬಳಿಕ ಭಾರವಾದ ಆಳೊಬ್ಬರು ನಡುವೆ ನಿಂತು ಕುಲುಕಿ ನೋಡಿದ ಮೇಲೆಯೇ ಮಕ್ಕಳಿಗೆ ಅಪ್ಪಣೆ.

ಸಿವಿಲ್ ಎಂಜಿನಿಯರ್ ಆಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಇದನ್ನು ಹೇಳಿದಾಗ, "ನಾವು ಮಾಡುವುದೂ ಅದನ್ನೇ, ಮೇಷ್ಟ್ರೇ" ಎಂದು ನಕ್ಕ. ಕಾಂಕ್ರೀಟ್ ಹಾಕುವಾಗ ಅದೇ ಮಿಶ್ರಣದಿಂದ 15 ಸೆಂಟಿಮೀಟರ್ ಅಂಚಿನ ಘನಗಳನ್ನು ಅಚ್ಚಿನಲ್ಲಿ ತೆಗೆದು, ನೀರಿನಲ್ಲಿ ಮುಳುಗಿಸಿಟ್ಟು, 28ನೆಯ ದಿನ ಯಂತ್ರದಲ್ಲಿ ಒಡೆಯುವವರೆಗೂ ಒತ್ತುತ್ತಾರೆ. ಎಂ-20 ಎಂಬ ದರ್ಜೆಯೆಂದರೆ ಚದರ ಮಿಲಿಮೀಟರಿಗೆ 20 ನ್ಯೂಟನ್. ಇಡೀ ಘನಕ್ಕೆ ಸುಮಾರು 46 ಟನ್ ಭಾರ.

"ನೀವು ಪರೀಕ್ಷಿಸಿದ್ದು ಘನವನ್ನು, ಜನ ನಡೆಯುವುದು ಸೇತುವೆಯ ಮೇಲಲ್ಲವೇ?" ಎಂದು ಕೇಳಿದೆ. ಅದೇ ಮುಖ್ಯವೆಂದು ಆತ ಒಪ್ಪಿದ. ಘನವು ಹೇಳುವುದು ಮಿಶ್ರಣದ ಗುಣವನ್ನು ಮಾತ್ರ. ಮುಂದೆ ನೀರಿಳಿದು ಒಳಗಿನ ಕಬ್ಬಿಣ ತುಕ್ಕು ಹಿಡಿದರೆ, ಆ ತುಕ್ಕು ಉಬ್ಬಿ ಕಾಂಕ್ರೀಟನ್ನು ಬಿರಿಸುತ್ತದೆ. ಅದನ್ನು ತಿಳಿಯಲು ನಿಂತ ಸೇತುವೆಯನ್ನೇ ಮತ್ತೆ ಮತ್ತೆ ಪರೀಕ್ಷಿಸಬೇಕು: ವಿಶೇಷ ಸುತ್ತಿಗೆಯಿಂದ ಬಡಿದು ಅದು ಎಷ್ಟು ಪುಟಿಯುತ್ತದೆಂದು ಅಳೆಯಬೇಕು, ಶ್ರವಣಾತೀತ ತರಂಗಗಳನ್ನು ಹಾಯಿಸಿ ಅವುಗಳ ವೇಗದಿಂದ ಒಳಬಿರುಕನ್ನು ಊಹಿಸಬೇಕು. ಕತ್ತಿಯ ಹಿಂಬದಿಯ ವಿದ್ಯೆಯೇ ಬೆಳೆದು ಇಲ್ಲಿಗೆ ಬಂದಂತಿದೆ!

2024ರ ಆಗಸ್ಟ್ 7ರಂದು ಕಾರವಾರದ ಬಳಿ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿದ್ದಿತು. ಚಾಲಕನನ್ನು ರಕ್ಷಿಸಿದ್ದು ಪುಣ್ಯ. ನಾಲ್ಕು ದಶಕ ವಾಹನಗಳನ್ನು ಹೊತ್ತ ಸೇತುವೆಯದು. ನಿನ್ನೆ ಹೊತ್ತದ್ದು ನಾಳೆಯೂ ಹೊರುತ್ತದೆಂಬುದಕ್ಕೆ ಪ್ರಮಾಣವಲ್ಲ.

ನಮ್ಮ ಕಡೆ ಎಷ್ಟೋ ಸಂಕಗಳ ಜಾಗದಲ್ಲಿ ಈಗ ಕಾಂಕ್ರೀಟಿನ ಕಾಲುಸೇತುವೆಗಳಿವೆ. ಬಹಳ ಸಂತೋಷ. ಆದರೆ ಅಡಿಕೆಮರವನ್ನು ವರ್ಷವರ್ಷವೂ ತಟ್ಟಿ ನೋಡುತ್ತಿದ್ದ ನಾವು ಕಾಂಕ್ರೀಟನ್ನು ಒಮ್ಮೆ ನಂಬಿ ಮರೆತುಬಿಡುತ್ತೇವೆ. ಬೇಸಿಗೆಯಲ್ಲಿ ಹಳ್ಳಕ್ಕಿಳಿದು ಬಿರುಕು, ತುಕ್ಕಿನ ಕಲೆ, ಕಂಬದ ಬುಡದಲ್ಲಿ ಕೊಚ್ಚಿಹೋದ ಮಣ್ಣು ಇವೆಯೇ ಎಂದು ನೋಡಿ ಪಂಚಾಯಿತಿಗೆ ಬರೆದು ತಿಳಿಸಲು ಎಂಜಿನಿಯರೇ ಆಗಬೇಕಿಲ್ಲ. ಜೂನ್ ತಿಂಗಳಲ್ಲಿ ಅದನ್ನು ದಾಟುವವರು ನಮ್ಮದೇ ಮಕ್ಕಳು.