ಹೊತ್ತಿಗೊಂದು ಊರು

ಬೆಂಗಳೂರಿಗೆ ಬರುವ ನೆಂಟರಲ್ಲಿ ಎರಡು ಬಗೆ. ಆಸ್ಪತ್ರೆಗೋ ಮದುವೆಗೋ ಬಂದು, ಕೆಲಸ ಮುಗಿದೊಡನೆ ರಾತ್ರಿ ಬಸ್ಸು ಹತ್ತುವವರು ಒಂದು ಬಗೆ; ಇವರಿಂದ ಯಾವ ತಾಪತ್ರಯವೂ ಇಲ್ಲ. ‘ಸುಮ್ನೆ ಎರಡು ದಿನ ಇದ್ದು ಹೋಗಾಣ ಅಂತ ಬಂದ್ವಿ’ ಎನ್ನುವವರು ಇನ್ನೊಂದು ಬಗೆ. ಕೈಕಾಲು ತೊಳೆದುಕೊಳ್ಳುವ ಮೊದಲೇ ಇವರ ಪ್ರಶ್ನೆ ಶುರು: ಎಲ್ಲಿ ತಿನ್ನೋದು, ಏನು ನೋಡೋದು? ಉತ್ತರವನ್ನೂ ಅವರೇ ಮೊಬೈಲಿನಲ್ಲಿ ತಂದಿರುತ್ತಾರೆ. ವಿದ್ಯಾರ್ಥಿ ಭವನದ ದೋಸೆ, ಎಂಟಿಆರ್‌ನ ರವೆ ಇಡ್ಲಿ, ಸಿಟಿಆರ್‌ನ ಬೆಣ್ಣೆ ಮಸಾಲೆ, ಪಕ್ಕದಲ್ಲೇ ವೀಣಾ ಸ್ಟೋರ್ಸ್. ಪಟ್ಟಿ ಮಲ್ಲೇಶ್ವರಕ್ಕೆ ಬಂದು ನಿಂತುಬಿಡುತ್ತದೆ. ಅಲ್ಲಿಂದಾಚೆಗೆ ನಾವಿದ್ದೇವೆ, ಯಶವಂತಪುರ, ಆರ್.ಟಿ. ನಗರ, ಹೆಬ್ಬಾಳ, ಯಲಹಂಕದವರು. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಶುರುವಾದ ಮೇಲೆ ನಮಗೆ ಸಿಕ್ಕ ಹೆಸರು ಒಂದೇ, ಏರ್‌ಪೋರ್ಟ್ ರೋಡು. ಮೇಲ್ಸೇತುವೆ ಬೇರೆ ಕಟ್ಟಿದ್ದರಿಂದ ಜನ ಈಗ ನಮ್ಮ ತಲೆಯ ಮೇಲೇ ಹಾದುಹೋಗುತ್ತಾರೆ.

1537ರಲ್ಲಿ ಬೆಂಗಳೂರು ಕಟ್ಟಿದ ಕೆಂಪೇಗೌಡರು ಯಲಹಂಕದ ನಾಡಪ್ರಭುಗಳು. ದೊಡ್ಡ ಮನುಷ್ಯನಾದ ಮಗ ಹುಟ್ಟಿದ ಮನೆಯ ಮುಂದೆ ಕಾರು ನಿಲ್ಲಿಸದೆ ಹೋದ ಹಾಗಾಗಿದೆ ನಮ್ಮ ಕಥೆ. ಬೇಜಾರೇನಿಲ್ಲ. ನಿಂತವರಿಗೆ ಊಟ ಹಾಕುವುದು ನಮಗೆ ಗೊತ್ತು.

ಹಾಗೆ ನಿಂತವನು ನನ್ನ ಭಾವಮೈದ. ತೀರ್ಥಹಳ್ಳಿ ಕಡೆಯವನು, ಅಡಿಕೆ ಬೆಳೆಗಾರ. ಅಡಿಕೆ ಕೊಯ್ಲು ಜೋರಾಗುವ ಮೊದಲು, ನವೆಂಬರಿನ ಕೃಷಿ ಮೇಳದ ನೆಪ ಮಾಡಿಕೊಂಡು ಬಂದ. ಅವನ ಕೈಯಲ್ಲೂ ಪಟ್ಟಿ ಇತ್ತು. ‘ಭಾವ, ಇದ್ರಲ್ಲಿ ಯಾವ್ದು ಹತ್ರ?’ ಅಂದ. ‘ಯಾವ್ದೂ ಹತ್ರ ಇಲ್ಲ ಮಾರಾಯ, ಅದನ್ನ ಜೇಬಲ್ಲಿಡು’ ಅಂದೆ.

ಪಟ್ಟಿಗಳ ಮೇಲೆ ನನಗೆ ದ್ವೇಷವೇನೂ ಇಲ್ಲ. ಆದರೆ ಅವು ಜಾಗ ಹೇಳುತ್ತವೆ, ಹೊತ್ತು ಹೇಳುವುದಿಲ್ಲ. ನಮ್ಮ ಉತ್ತರ ಭಾಗ ಪಾಳಿಯ ಮೇಲೆ ಬದುಕುವ ಊರು. ರೈಲು ಬರುವ ಹೊತ್ತು, ಲಾರಿ ಇಳಿಸುವ ಹೊತ್ತು, ಹಾಲಿನ ಡೈರಿಯ ಹೊತ್ತು, ಗಾಲಿ ಕಾರ್ಖಾನೆಯ ಸೈರನ್ ಹೊತ್ತು. ರೈಲ್ವೆಯವರು ಬೋರ್ಡಿನ ಮೇಲೆ ಏನೇ ಬರೆಸಲಿ, 1984ರಿಂದ ರೈಲಿನ ಚಕ್ರ ಮಾಡುತ್ತಿರುವ ಆ ಕಾರ್ಖಾನೆಗೆ ಯಲಹಂಕದ ಹಳಬರು ಈಗಲೂ ‘ವೀಲ್ ಅಂಡ್ ಆಕ್ಸಲ್’ ಅಂತಲೇ ಅನ್ನುವುದು. ಹೀಗೆ ದುಡಿಯುವವರಿಗೆ ಹಸಿವಾದಾಗ ಎಲ್ಲಿ ಒಲೆ ಉರಿಯುತ್ತದೋ ಅಲ್ಲಿ ಒಳ್ಳೆಯ ಊಟ. ಅದೇ ಹೋಟೆಲಿಗೆ ಎರಡು ಗಂಟೆ ತಡವಾಗಿ ಹೋದರೆ ತಣ್ಣಗಿನ ಚಟ್ನಿ, ಬಿಸಿ ಮಾಡಿದ ಸಾಂಬಾರು.

ಬೆಳಗಿನ ಜಾವಕ್ಕೆ ಯಶವಂತಪುರ. ಶಿವಮೊಗ್ಗದ ರಾತ್ರಿ ರೈಲಿನಿಂದ ಇವನು ಇಳಿದದ್ದೂ ಅಲ್ಲೇ, ಇನ್ನೂ ಕತ್ತಲು. ಮನೆಗೆ ಹೋಗಿ ಹಲ್ಲುಜ್ಜುವುದು ಆಮೇಲಾಗಲಿ ಎಂದು ಸೀದಾ ಎಪಿಎಂಸಿ ಯಾರ್ಡಿಗೆ ಕರೆದುಕೊಂಡು ಹೋದೆ. ಈರುಳ್ಳಿ, ಆಲೂಗಡ್ಡೆ, ಬೆಳ್ಳುಳ್ಳಿಯ ಮೂಟೆಗಳು. ಹಮಾಲರು ತಲೆಗೆ ಟವೆಲ್ ಸುತ್ತಿ, ಮೂಟೆಗೆ ಕೊಕ್ಕೆ ಹಾಕಿ, ಒಂದೇ ಎಳೆತಕ್ಕೆ ಬೆನ್ನಿಗೇರಿಸುವುದನ್ನು ಇವನು ಕಣ್ಣು ಬಿಟ್ಟುಕೊಂಡು ನೋಡಿದ. ಈರುಳ್ಳಿಯ ಜೊತೆಗೆ ಗದಗ, ಬಾಗಲಕೋಟೆ ಕಡೆಯ ಮಾತೂ ಯಾರ್ಡಿನೊಳಗೆ ಬಂದು ಇಳಿಯುತ್ತದೆ. ‘ಏನ್ ರೇಟ್ ಬಿದ್ದತ್ರಿ?’ ಎನ್ನುವ ಪ್ರಶ್ನೆಗೆ ತಮಿಳು ಬೆರೆತ ಕನ್ನಡದಲ್ಲಿ ಉತ್ತರ. ಸುತ್ತಮುತ್ತ ಜೋಳದ ರೊಟ್ಟಿಯ ಖಾನಾವಳಿಗಳಿಗೆ ಗಿರಾಕಿ ಸಿಗುವುದು ಈ ಜನರಿಂದಲೇ. ಆದರೆ ರೊಟ್ಟಿ ತಟ್ಟುವುದು ಮಧ್ಯಾಹ್ನದ ಕೆಲಸ, ಜಾವಕ್ಕೆ ಇಡ್ಲಿಯೇ.

ತುಮಕೂರು ರಸ್ತೆ ಇಲ್ಲಿಂದಲೇ ಹೊರಡುವುದರಿಂದ ಕ್ಯಾತಸಂದ್ರದ ತಟ್ಟೆ ಇಡ್ಲಿಗೆ ಇಲ್ಲಿ ಬೀಗರ ಮನೆಯ ಮರ್ಯಾದೆ. ನಾವು ತಿಂದ ಅಂಗಡಿಗೆ ಬೋರ್ಡೇ ಇರಲಿಲ್ಲ. ಬಾಗಿಲ ಪಕ್ಕದಲ್ಲಿ ಒಂದು ಹಬೆಪೆಟ್ಟಿಗೆ, ಅದರೊಳಗೆ ಒಂದರ ಮೇಲೊಂದು ತಟ್ಟೆ. ಆತ ಪೆಟ್ಟಿಗೆಯ ಬಾಗಿಲು ತೆರೆದಾಗ ಎದುರಿಗಿದ್ದವರ ಮುಖ ಒಂದು ಗಳಿಗೆ ಕಾಣದಾಯಿತು. ಬರಿಗೈಯಲ್ಲೇ ತಟ್ಟೆ ತೆಗೆದು, ಅಂಚಿಗೆ ಚಮಚ ಆಡಿಸಿ, ಇಡ್ಲಿಯನ್ನು ಎಲೆಯ ಮೇಲೆ ಮಗುಚಿ, ಮೇಲೊಂದು ಬೆಣ್ಣೆಯುಂಡೆ ಇಟ್ಟ. ಚಟ್ನಿಯನ್ನು ಪಕ್ಕಕ್ಕೆ ಬಡಿಸಲಿಲ್ಲ, ಸುರಿದ. ಭಾವಮೈದ ‘ಎಂತ ಭಾವ, ಇಡ್ಲಿನೇ ಕಾಣಲ್ವಲ್ಲ!’ ಅಂದ. ಎರಡನೆಯದನ್ನೂ ಕೇಳಿ ಹಾಕಿಸಿಕೊಂಡ. ನಿಂತು ತಿನ್ನುವ ಈ ಪದ್ಧತಿಗೆ 1983ರಲ್ಲಿ ಜಯನಗರದಲ್ಲಿ ‘ಕೆಫೆ ದರ್ಶಿನಿ’ ಎಂಬ ಹೋಟೆಲು ಶುರುವಾಗಿ ದರ್ಶಿನಿ ಎಂಬ ಹೆಸರು ಬಂತು, ನಿಜ. ಆದರೆ ಮಾರುಕಟ್ಟೆಯ ಕೂಲಿ ಕುಳಿತು ತಿಂದದ್ದು ಯಾವಾಗ?

ಅಲ್ಲಿಂದ ಮೆಟ್ರೊ ಹತ್ತಿದರೆ ಪಕ್ಕದಲ್ಲೇ ‘ಸ್ಯಾಂಡಲ್ ಸೋಪ್ ಫ್ಯಾಕ್ಟರಿ’ ನಿಲ್ದಾಣ. ನಾಲ್ವಡಿಯವರ ಕಾಲದ ಸಾಬೂನಿನ ಹೆಸರು ಮೆಟ್ರೊ ಧ್ವನಿವರ್ಧಕದಲ್ಲಿ ಕೇಳುವುದು ನನಗೆ ಈಗಲೂ ಖುಷಿ. ನೋಡುವುದಕ್ಕೆ ಅಲ್ಲೇನಿದೆ ಎಂದು ಕೇಳಬೇಡಿ. ಗಾಳಿ ಈ ಕಡೆ ಬೀಸಿದರೆ ಮೂಸುವುದಕ್ಕಿದೆ.

ಮಧ್ಯಾಹ್ನಕ್ಕೆ ಹೆಬ್ಬಾಳ ಮತ್ತು ಮೇಳ ನಡೆಯುವ ಜಿಕೆವಿಕೆ, ಅಂದರೆ ಕೃಷಿ ವಿಶ್ವವಿದ್ಯಾಲಯದ ಆವರಣ. ಹೆಬ್ಬಾಳ ಎಂದರೆ ವಾಹನ ನಿಂತುಬಿಡುವ ಸೇತುವೆ ಎಂದಷ್ಟೇ ತಿಳಿದವರು ಒಮ್ಮೆ ಕೆಳಗಿಳಿದು ಹಳೆಯ ಊರಿನೊಳಕ್ಕೆ ನಡೆಯಬೇಕು. 2018ರಲ್ಲಿ ಸಿಕ್ಕ ಕಿತ್ತಯ್ಯನ ವೀರಗಲ್ಲು ಈಗ ಅಲ್ಲೊಂದು ಮಂಟಪದಲ್ಲಿದೆ. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು 750ನೇ ಇಸವಿಯದು. ಬೆಂಗಳೂರಿನಲ್ಲಿ ಈವರೆಗೆ ಸಿಕ್ಕ ಕನ್ನಡ ಶಾಸನಗಳಲ್ಲಿ ಹಳೆಯದು ಇದೇ ಎನ್ನುತ್ತಾರೆ. ಕೆಂಪೇಗೌಡರಿಗಿಂತ ಎಂಟುನೂರು ವರ್ಷ ಹಿಂದೆ ಇಲ್ಲಿ ಊರಿತ್ತು, ಊರಿಗಾಗಿ ಸತ್ತವನಿದ್ದ. ಐದು ನಿಮಿಷ ಸಾಕು ನೋಡುವುದಕ್ಕೆ. ಟಿಕೆಟ್ಟಿಲ್ಲ, ಸೆಲ್ಫಿಗೆ ಸಾಲಿಲ್ಲ.

ನನ್ನ ಭಾವಮೈದ ಕಲ್ಲಿಗಿಂತ ಹೆಚ್ಚು ಹೊತ್ತು ನಿಂತದ್ದು ಕೃಷಿ ವಿಶ್ವವಿದ್ಯಾಲಯದ ಕಥೆಗೆ. ವಿಶ್ವವಿದ್ಯಾಲಯ ಆದದ್ದು 1964ರಲ್ಲಿ. ಹೆಬ್ಬಾಳದ ಕೃಷಿ ಶಾಲೆ ಅದಕ್ಕಿಂತ ಬಹಳ ಹಳೆಯದು, 1913ರದು. ಅದನ್ನು ಕಟ್ಟಿದವರು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್. ಮಲೆನಾಡಿನ ಅಡಿಕೆಗೆ ಬರುವ ಕೊಳೆರೋಗದ ಬೆನ್ನು ಹತ್ತಿ, ಮೈಲುತುತ್ತ ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಕೊನೆಗೆ ಹೊಡೆಯುವುದನ್ನು ರೂಢಿಗೆ ತಂದ ಮನುಷ್ಯ. ‘ನಮ್ ತ್ವಾಟಕ್ಕೆ ಮಳೆಗಾಲದ ಮುಂಚೆ ಹೊಡೀತೀವಲ್ಲ ಔಷಧಿ, ಅದು ಇವ್ರದ್ದಾ?’ ಅಂದ. ಹೌದು ಅಂದೆ. ‘ಅವ್ರ ಹೆಸ್ರು ನಮ್ಮಜ್ಜ ಹೇಳ್ತಿದ್ರು. ಹೆಬ್ಬಾಳದಾಗೆ ಇದ್ರು ಅಂತ ಗೊತ್ತಿರ್ಲಿಲ್ಲ.’ ಅಡಿಕೆ ತೋಟದವನಿಗೆ ಬೆಂಗಳೂರಿನಲ್ಲಿ ತೋರಿಸಬೇಕಾದದ್ದು ವಿಧಾನಸೌಧವಲ್ಲ ಎಂದು ಅವತ್ತು ನನಗೆ ಖಾತ್ರಿಯಾಯಿತು.

ಮೇಳದಲ್ಲಿ ಮುದ್ದೆ ಊಟಕ್ಕೆ ದೊಡ್ಡ ಸಾಲು. ಬೆಂಕಿರೋಗ ತಡೆಯುವ ಜಿಪಿಯು-28 ರಾಗಿ ತಳಿ ಹುಟ್ಟಿದ್ದು ಈ ವಿಶ್ವವಿದ್ಯಾಲಯದಲ್ಲಿ. ಹಾಗಾಗಿ ಇಲ್ಲಿ ಮುದ್ದೆ ಉಂಡರೆ ಅದರ ತವರಿನಲ್ಲೇ ಉಂಡ ಲೆಕ್ಕ. ಇವನಿಗೆ ಮುದ್ದೆ ಅಭ್ಯಾಸವಿಲ್ಲ. ಅವರ ಕಡೆ ಕೋಳಿಸಾರಿಗೆ ಅಕ್ಕಿ ಕಡುಬೋ ರೊಟ್ಟಿಯೋ ಆಗಬೇಕು. ಮುರಿದು ಬಾಯಿಗಿಟ್ಟು ಅಗಿಯತೊಡಗಿದ. ಪಕ್ಕದಲ್ಲಿ ಉಣ್ಣುತ್ತಿದ್ದ ದೊಡ್ಡಬಳ್ಳಾಪುರದ ಕಡೆಯ ಯಜಮಾನರೊಬ್ಬರಿಗೆ ತಡೆಯಲಾಗಲಿಲ್ಲ. ‘ಅಗೀಬ್ಯಾಡಿ ಸ್ವಾಮಿ. ಚೂರು ಮುರೀರಿ, ಬಟ್ಟಲ ಮಾಡ್ಕಳಿ, ಸಾರಲ್ಲಿ ಅದ್ದಿ, ಬಿಟ್ಬಿಡಿ. ಅದೇ ಹೋಗ್ತದೆ.’ ಮಾಡಿ ತೋರಿಸಿದರು ಕೂಡ: ಹೆಬ್ಬೆರಳಲ್ಲಿ ಒಂದು ಕುಳಿ ಒತ್ತಿ, ಅದರಲ್ಲಿ ಸಾರು ತುಂಬಿಕೊಂಡು, ಸದ್ದಿಲ್ಲದೆ ಒಳಗಿಳಿಸಿದರು. ಮೂರನೆಯ ತುತ್ತಿಗೆ ಇವನಿಗೂ ಹಿಡಿತ ಸಿಕ್ಕಿತು.

ಸಂಜೆ ಆರ್.ಟಿ. ನಗರ. ಇದು ರವೀಂದ್ರನಾಥ ಟಾಗೋರ್ ನಗರ ಎಂದು ಆಟೊದವರಿಗೆ ಹೇಳಿದರೆ ‘ಅದೆಲ್ಲಿ ಬರುತ್ತೆ ಸಾರ್?’ ಎನ್ನುತ್ತಾರೆ. ನೋಡುವಂಥದ್ದು ಏನೂ ಇಲ್ಲ, ತಿನ್ನುವುದಕ್ಕೆ ಅಡ್ಡರಸ್ತೆಗೊಂದು ಗಾಡಿ ಇದೆ. ಬಂಗಾರಪೇಟೆ ಪಾನಿಪೂರಿಯ ಪಾನಿ ಬಾವಿನೀರಿನಂತೆ ತಿಳಿಯಾಗಿರುತ್ತದೆ. ನೋಡಿ ಸಪ್ಪೆಯೆಂದು ಮೋಸಹೋದವರ ಮೂಗು ಕಣ್ಣು ಎರಡೂ ಸುರಿಯುತ್ತವೆ. ಇಷ್ಟು ಸಾಕು, ರಾತ್ರಿ ಊಟ ಬೇಡ.

ಭಾನುವಾರ ಬೆಳಿಗ್ಗೆ ಯಲಹಂಕ. ಮೊದಲು ಪುಟ್ಟೇನಹಳ್ಳಿ ಕೆರೆಯ ಏರಿ. ಹಕ್ಕಿಗಳಿಗಾಗಿಯೇ ಕಾಯ್ದಿಟ್ಟ ಕೆರೆ ಅದು. ಜಕ್ಕೂರು ಕೆರೆಗೂ ಹೋಗಬಹುದು. ಪೇಟೆಯ ಕೊಳಚೆನೀರು ಅಲ್ಲಿ ಶುದ್ಧೀಕರಣ ಘಟಕ ದಾಟಿ, ಜೊಂಡು ಬೆಳೆದ ಜೌಗಿನಲ್ಲಿ ಸೋಸಿಕೊಂಡು ಕೆರೆ ಸೇರುತ್ತದೆ. ಬರೀ ದೂರು ಹೇಳುವ ಊರಿನಲ್ಲಿ ಇಂಥದ್ದೊಂದನ್ನು ನೆಂಟರಿಗೆ ತೋರಿಸಿದರೆ ನಮಗೇ ಸ್ವಲ್ಪ ಹೊಟ್ಟೆ ತಣ್ಣಗಾಗುತ್ತದೆ. ಹೀಗೆ ನಡೆದು ಬಂದವರಿಗೆ ದೊನ್ನೆ ಬಿರಿಯಾನಿ. ಬೆಳಿಗ್ಗೆಯೇ ಬಿರಿಯಾನಿಯಾ ಎಂದು ಮೂಗು ಮುರಿಯುವವರು ಮಧ್ಯಾಹ್ನ ಬಂದು ತಳ ಹಿಡಿದ ಅನ್ನ ತಿನ್ನಲಿ.

ಪುದೀನ, ಕೊತ್ತಂಬರಿ, ಹಸಿಮೆಣಸಿನ ಹಸಿರು ಹತ್ತಿದ ಜೀರಿಗೆ ಸಾಂಬಾ ಅಕ್ಕಿ, ಒಳಗೆ ಎರಡು ತುಂಡು. ಭಾವಮೈದ ಮೊದಲು ಮುಟ್ಟಿದ್ದು ತುಂಡನ್ನಲ್ಲ, ದೊನ್ನೆಯನ್ನು. ಎತ್ತಿ, ಅಡಿಯನ್ನು ಬೆರಳಲ್ಲಿ ತಟ್ಟಿ, ಅಂಚು ಸವರಿ, ‘ಹಾಳೆ ಒಳ್ಳೇದೈತೆ. ಎಲ್ಲಿಂದ ತರ್ಸ್ತೀರಿ?’ ಎಂದು ಗಲ್ಲಾದಲ್ಲಿದ್ದವರನ್ನೇ ಕೇಳಿದ. ಅಡಿಕೆ ಹಾಳೆಗೆ ಏನು ಕೊಡುತ್ತಾರೆ, ಯಾರು ಒತ್ತುತ್ತಾರೆ, ಮಳೆಗಾಲದಲ್ಲಿ ಬೂಸ್ಟು ಬರುವುದಿಲ್ಲವೇ, ಮಾತು ಬೆಳೆದು ಬಿರಿಯಾನಿ ಆರಿತು. ಅವರ ತೋಟದಲ್ಲಿ ಉದುರಿದ ಹಾಳೆಯ ಹೆಚ್ಚಿನ ಪಾಲು ಬುಡದಲ್ಲೇ ಕೊಳೆಯುತ್ತದಂತೆ. ಹೊರಡುವಾಗ ಗಲ್ಲಾದವರ ನಂಬರು ಇವನ ಮೊಬೈಲಿನಲ್ಲಿತ್ತು. ಪಟ್ಟಿ ಇದ್ದ ಮೊಬೈಲಿನಲ್ಲೇ.

ಈಗ ಅವನಿಗೆ ವಿಮಾನದ ಹುಚ್ಚು ಹತ್ತಿದೆ. 1996ರಿಂದ ಎರಡು ವರ್ಷಕ್ಕೊಮ್ಮೆ ಯಲಹಂಕದ ವಾಯುನೆಲೆಯಲ್ಲಿ ನಡೆಯುವ ಏರೋ ಇಂಡಿಯಾಕ್ಕೆ ಮಕ್ಕಳನ್ನು ಕಟ್ಟಿಕೊಂಡು ಬರುತ್ತೇನೆ ಅಂದಿದ್ದಾನೆ. ಬರಲಿ, ಸಂತೋಷ. ಒಂದು ಮಾತು ಮಾತ್ರ ಮೊದಲೇ ಹೇಳಿಟ್ಟಿದ್ದೇನೆ. ಪ್ರದರ್ಶನ ಬಂತೆಂದರೆ ಪಾಲಿಕೆಯವರು ಸುತ್ತಮುತ್ತ ಮಾಂಸದ ಮಾರಾಟ ನಿಲ್ಲಿಸುತ್ತಾರೆ, ಹೋಟೆಲುಗಳಲ್ಲೂ ಬಡಿಸುವಂತಿಲ್ಲ. ಬಿಸಾಡಿದ ಮಾಂಸಕ್ಕೆ ಹದ್ದು ಮುತ್ತಿ, ಹದ್ದು ವಿಮಾನಕ್ಕೆ ಬಡಿದರೆ ಕಷ್ಟ ಅಂತ. 2025ರಲ್ಲಿ ಜನವರಿ 23ರಿಂದ ಫೆಬ್ರವರಿ 17ರವರೆಗೆ, ವಾಯುನೆಲೆಯಿಂದ 13 ಕಿಲೋಮೀಟರ್ ದೂರದವರೆಗೂ ಈ ಉಪವಾಸ. ದೊನ್ನೆ ಬಿರಿಯಾನಿಯವರು ಬಾಗಿಲು ಹಾಕಿ ಊರಿಗೆ ಹೋಗುತ್ತಾರೆ, ಇಲ್ಲವೇ ಪಲಾವು ಮಾಡಿಕೊಂಡು ಕೂರುತ್ತಾರೆ. ಬರುವುದಾದರೆ ಆ ಕಾಲಕ್ಕೆ ಅವರೆಕಾಯಿ ಇನ್ನೂ ಸಿಗುತ್ತದೆ. ಹಿತುಕಿದ ಬೇಳೆ ಸಾರು, ಮುದ್ದೆ. ಬೇಳೆ ಹಿತುಕುವುದಕ್ಕೆ ಅವನ ಮಕ್ಕಳನ್ನು ಕೂರಿಸುತ್ತೇನೆ, ಅದಕ್ಕೆ ಅಭ್ಯಂತರವಿಲ್ಲ ತಾನೆ ಎಂದು ಕೇಳಿದೆ. ‘ಅದೆಲ್ಲ ಸರಿ ಭಾವ, ಹದಿನಾಲ್ಕನೇ ಕಿಲೋಮೀಟ್ರಲ್ಲಿ ಯಾವ ಹೋಟ್ಲಿದೆ?’ ಅಂದ.