ಓಸ್ಲೊದ ವಿದ್ಯಾಮಂದಿರ ಮತ್ತು ಅದರ ಬಾಗಿಲು

ನಾರ್ವೆಯ ರಾಜಧಾನಿ ಓಸ್ಲೊದ ಮುಖ್ಯ ರೈಲು ನಿಲ್ದಾಣದಿಂದ ಹೊರಬಂದು ಕಾರ್ಲ್ ಯೋಹಾನ್ ಬೀದಿಯನ್ನು ಹಿಡಿದರೆ, ಆ ಬೀದಿಯ ಕೊನೆಯಲ್ಲಿ ದಿಬ್ಬದ ಮೇಲೆ ಅರಸರ ಅರಮನೆ ಕಾಣಿಸುತ್ತದೆ. ಅಲ್ಲಿಗೆ ಹೋಗುವ ದಾರಿಯಲ್ಲೇ ಸಂಸತ್ ಭವನವಿದೆ, ಬಳಿಕ ರಾಷ್ಟ್ರೀಯ ನಾಟಕಶಾಲೆಯಿದೆ. ನಾಟಕಶಾಲೆಯ ಎದುರು ಬದಿಯಲ್ಲಿ, ಒಂದು ವಿಶಾಲ ಚೌಕವನ್ನು ಮೂರು ಕಡೆಯಿಂದ ಬಳಸಿ ನಿಂತ ಮೂರು ಕಟ್ಟಡಗಳೇ ಓಸ್ಲೊ ವಿಶ್ವವಿದ್ಯಾನಿಲಯದ ಹಳೆಯ ಆವರಣ. ಅರಮನೆ, ಸಂಸತ್ತು, ರಂಗಮಂದಿರಗಳ ನಡುವೆ ವಿದ್ಯೆಗೂ ಸರಿಸಮನಾದ ಜಾಗ ಕೊಟ್ಟ ಊರು ಇದು.

ನಡುವಿನ ಕಟ್ಟಡದ ಮುಂದೆ ಎತ್ತರದ ಕಂಬಗಳ ಸಾಲು, ಅದರ ಮೇಲೆ ತ್ರಿಕೋನಾಕಾರದ ಮುಖಪಟ್ಟಿ. ನೋಡಿದೊಡನೆ ಪ್ರಾಚೀನ ಗ್ರೀಸಿನ ದೇಗುಲದ ನೆನಪಾಗುತ್ತದೆ. ಗ್ರೀಕ್ ಮತ್ತು ರೋಮನ್ ಕಟ್ಟಡಗಳ ಅಳತೆ, ಅಚ್ಚುಕಟ್ಟುಗಳನ್ನು ಅನುಸರಿಸುವ ಈ ಬಗೆಯನ್ನು ನಿಯೋಕ್ಲಾಸಿಕಲ್ ಶೈಲಿ ಎನ್ನುತ್ತಾರೆ. ಇದರ ಶಿಲ್ಪಿ ಕ್ರಿಶ್ಚಿಯನ್ ಹೈನ್ರಿಕ್ ಗ್ರೋಷ್. ಬರ್ಲಿನ್ನಿನ ಹೆಸರಾಂತ ವಾಸ್ತುಶಿಲ್ಪಿ ಶಿಂಕೆಲ್ ಇವರ ನಕ್ಷೆಯನ್ನು ನೋಡಿ ಸಲಹೆ ನೀಡಿದ್ದರು. 1841ರಲ್ಲಿ ಆರಂಭವಾದ ಕೆಲಸ 1852ರಲ್ಲಿ ಮುಗಿಯಿತು.

ಕಂಬಗಳ ಚೆಲುವು ಕಣ್ಣಿಗೆ ಸುಲಭವಾಗಿ ದಕ್ಕುತ್ತದೆ. ಆದರೆ ಈ ಕಟ್ಟಡದ ನಿಜವಾದ ಕತೆ ಇರುವುದು ಕಂಬಗಳ ಹಿಂದಿನ ಬಾಗಿಲಿನಲ್ಲಿ. ಇಲ್ಲಿ ಒಳಗೆ ಬರಬೇಕಾದವರು ಯಾರು ಎಂಬ ಪ್ರಶ್ನೆ ಇನ್ನೂರು ವರ್ಷಗಳಿಂದ ಮತ್ತೆ ಮತ್ತೆ ಎದ್ದಿದೆ.

ಬಡ ನಾಡಿನ ಹಂಬಲ

ನಾರ್ವೆ ಇಂದು ಜಗತ್ತಿನ ಅತ್ಯಂತ ಸಿರಿವಂತ ರಾಷ್ಟ್ರಗಳಲ್ಲಿ ಒಂದು. 19ನೇ ಶತಮಾನದ ಆರಂಭದಲ್ಲಿ ಹಾಗಿರಲಿಲ್ಲ. ಹತ್ತು ಲಕ್ಷವೂ ಇಲ್ಲದ ಜನಸಂಖ್ಯೆ. ಮೀನು, ಮರ ಮತ್ತು ಕಲ್ಲುನೆಲದ ಬೇಸಾಯವೇ ಬದುಕು. ಆಳ್ವಿಕೆ ಡೆನ್ಮಾರ್ಕಿನ ದೊರೆಯದು. ಪದವಿ ಬೇಕೆಂದರೆ ಹುಡುಗರು ಹಡಗು ಹತ್ತಿ ಕೋಪನ್‌ಹೇಗನ್‌ಗೆ ಹೋಗಬೇಕಿತ್ತು. ತಮ್ಮ ನಾಡಿನಲ್ಲೇ ಒಂದು ವಿಶ್ವವಿದ್ಯಾನಿಲಯ ಬೇಕೆಂದು ನಾರ್ವೆಯವರು ಪಟ್ಟು ಹಿಡಿದರು, ವಂತಿಗೆ ಎತ್ತಿದರು. 1811ರಲ್ಲಿ ದೊರೆ ಆರನೇ ಫ್ರೆಡರಿಕ್ ಒಪ್ಪಿಗೆ ಕೊಟ್ಟ. 1813ರಲ್ಲಿ ಬೆರಳೆಣಿಕೆಯ ವಿದ್ಯಾರ್ಥಿಗಳೊಡನೆ ಪಾಠ ಶುರುವಾಯಿತು. ದೇಶಕ್ಕೆ ತನ್ನದೇ ಸಂವಿಧಾನ ಬಂದದ್ದು ಅದರ ಮರುವರ್ಷ, 1814ರಲ್ಲಿ. ಸಂವಿಧಾನಕ್ಕಿಂತ ಮೊದಲೇ ವಿಶ್ವವಿದ್ಯಾನಿಲಯ ಬಂತು ಎಂಬುದು ಗಮನಿಸಬೇಕಾದ ಸಂಗತಿ.

ಕಂಬಗಳ ಕಟ್ಟಡ ಏಳುವ ಮುನ್ನವೇ, 1821ರಲ್ಲಿ, ಈ ವಿಶ್ವವಿದ್ಯಾನಿಲಯಕ್ಕೆ ಒಬ್ಬ ಬಡ ಹುಡುಗ ಸೇರಿದ. ತಂದೆ ತೀರಿಕೊಂಡು ವರ್ಷವಾಗಿತ್ತು, ಮನೆಯಲ್ಲಿ ಕಡುಬಡತನ. ಹುಡುಗನ ಬುದ್ಧಿಯನ್ನು ಕಂಡ ಪ್ರಾಧ್ಯಾಪಕರು ತಮ್ಮ ಸಂಬಳದಿಂದಲೇ ಹಣ ಕೂಡಿಸಿ ಅವನನ್ನು ಓದಿಸಿದರು. ಅವನೇ ನೀಲ್ಸ್ ಹೆನ್ರಿಕ್ ಆಬೆಲ್. ಐದನೇ ಘಾತದ ಸಾಮಾನ್ಯ ಸಮೀಕರಣವನ್ನು ಬೀಜಗಣಿತದ ಸೂತ್ರದಿಂದ ಬಿಡಿಸಲು ಸಾಧ್ಯವಿಲ್ಲ ಎಂದು ಸಾಧಿಸಿ ತೋರಿಸಿದ ಗಣಿತಜ್ಞ. ಕ್ಷಯರೋಗಕ್ಕೆ ತುತ್ತಾಗಿ 1829ರಲ್ಲಿ ತೀರಿಕೊಂಡಾಗ ಅವನ ವಯಸ್ಸು ಕೇವಲ 26. ಬರ್ಲಿನ್ನಿನಲ್ಲಿ ಕೆಲಸ ಸಿಕ್ಕಿದೆಯೆಂಬ ಪತ್ರವನ್ನು ಅಲ್ಲಿನ ಗೆಳೆಯ ಬರೆದದ್ದು ಅವನು ಸತ್ತ ಎರಡು ದಿನಗಳ ಬಳಿಕ.

ಹೆಣ್ಣುಮಕ್ಕಳಿಗೆ ಈ ಬಾಗಿಲು ತೆರೆಯಲು ಇನ್ನೂ ಅರ್ಧ ಶತಮಾನ ಹಿಡಿಯಿತು. ಸೆಸಿಲಿಯೆ ತೂರೆಸನ್ ಎಂಬ ತರುಣಿ ಪ್ರವೇಶ ಪರೀಕ್ಷೆಗೆ ಕೂರಲು ಅನುಮತಿ ಕೇಳಿದಾಗ ಕಾನೂನಿನಲ್ಲಿ ಅವಕಾಶವಿಲ್ಲ ಎಂಬ ಉತ್ತರ ಬಂತು. ಆಕೆ ಸುಮ್ಮನಾಗಲಿಲ್ಲ. ಕಾನೂನೇ ಬದಲಾಗಿ, 1882ರಲ್ಲಿ ಆಕೆ ಇಲ್ಲಿನ ಮೊದಲ ವಿದ್ಯಾರ್ಥಿನಿಯಾದಳು. ಮೂವತ್ತು ವರ್ಷಗಳ ನಂತರ, 1912ರಲ್ಲಿ, ಪ್ರಾಣಿಶಾಸ್ತ್ರಜ್ಞೆ ಕ್ರಿಸ್ತೀನೆ ಬೊನೆವಿ ನಾರ್ವೆಯ ಮೊದಲ ಮಹಿಳಾ ಪ್ರಾಧ್ಯಾಪಕಿಯಾದರು.

ಸಿಡಿದ ಬೆಂಕಿ, ಬೆಳೆದ ಪೈರು

ಚೌಕದ ಪಕ್ಕದ ಕಟ್ಟಡಗಳಲ್ಲಿ ಒಂದರ ಹೆಸರು ಡೊಮುಸ್ ಅಕಾಡೆಮಿಕಾ. ಅದರೊಳಗೆ ಹಳೆಯ ಸಭಾಂಗಣವಿದೆ. ಸಂಸತ್ತಿಗೆ ಸ್ವಂತ ಕಟ್ಟಡವಿಲ್ಲದ ಕಾಲದಲ್ಲಿ, 1854ರಿಂದ 1866ರವರೆಗೆ, ನಾರ್ವೆಯ ಸಂಸತ್ ಸದಸ್ಯರು ಇಲ್ಲಿಯೇ ಸೇರುತ್ತಿದ್ದರು. ವಿಜ್ಞಾನದ ವಿದ್ಯಾರ್ಥಿಗಳಿಗೆ ಮಾತ್ರ ಈ ಸಭಾಂಗಣ ಬೇರೊಂದು ಕಾರಣಕ್ಕೆ ಮುಖ್ಯ.

ಧ್ರುವಪ್ರಭೆ ಏಕೆ ಮೂಡುತ್ತದೆ ಎಂಬುದನ್ನು ತಿಳಿಯಲು ಹೊರಟ ಭೌತವಿಜ್ಞಾನಿ ಕ್ರಿಸ್ಟಿಯಾನ್ ಬಿರ್ಕೆಲಾಂಡ್ ಇಲ್ಲಿ ಪ್ರಾಧ್ಯಾಪಕರಾಗಿದ್ದರು. ಗಾಳಿ ತೆಗೆದ ಪೆಟ್ಟಿಗೆಯೊಳಗೆ ಭೂಮಿಯಂತಹ ಕಾಂತದ ಗೋಳವನ್ನಿಟ್ಟು, ವಿದ್ಯುತ್ ಕಣಗಳನ್ನು ಹಾಯಿಸಿ, ಧ್ರುವಗಳ ಸುತ್ತ ಬೆಳಕಿನ ಉಂಗುರ ಮೂಡುವುದನ್ನು ಅವರು ತೋರಿಸಿದರು. ಸಂಶೋಧನೆಗೆ ಹಣ ಬೇಕಿತ್ತು. ಅದಕ್ಕಾಗಿ ಮದ್ದಿಲ್ಲದೆ ಹಾರಿಸುವ ವಿದ್ಯುತ್ ಫಿರಂಗಿಯೊಂದನ್ನು ರೂಪಿಸಿದರು. ಸುರುಳಿ ಸುತ್ತಿದ ತಂತಿಗಳಿಗೆ ಒಂದಾದ ಮೇಲೊಂದರಂತೆ ವಿದ್ಯುತ್ ಹರಿಸಿದರೆ, ಕಬ್ಬಿಣದ ಗುಂಡು ಕಾಂತದ ಸೆಳೆತಕ್ಕೆ ಸಿಕ್ಕಿ ಮುಂದೆ ಮುಂದೆ ಧಾವಿಸಬೇಕು. ಇದೇ ತತ್ವ.

1903ರ ಆರಂಭದಲ್ಲಿ ಈ ಹಳೆಯ ಸಭಾಂಗಣದಲ್ಲಿ ಗಣ್ಯರ ಮುಂದೆ ಪ್ರದರ್ಶನ ನಡೆಯಿತು. ಸ್ವಿಚ್ ಹಾಕಿದ್ದೇ ತಡ, ಶಾರ್ಟ್ ಸರ್ಕ್ಯೂಟ್! ಕಣ್ಣು ಕೋರೈಸುವ ಬೆಂಕಿ, ಕಿವಿಗಡಚಿಕ್ಕುವ ಸದ್ದು. ಸಭಿಕರು ಗಾಬರಿಗೊಂಡರು. ಫಿರಂಗಿಯ ವ್ಯಾಪಾರ ಕುದುರಲಿಲ್ಲ.

ಆದರೆ ಆ ಬೆಂಕಿ ವ್ಯರ್ಥವಾಗಲಿಲ್ಲ. ಗಾಳಿಯಲ್ಲಿ ಶೇಕಡಾ 78ರಷ್ಟು ಸಾರಜನಕವಿದ್ದರೂ ಪೈರುಗಳು ಅದನ್ನು ನೇರವಾಗಿ ಹೀರಿಕೊಳ್ಳಲಾರವು. ಆ ಕಾಲದಲ್ಲಿ ಸಾರಜನಕದ ಗೊಬ್ಬರಕ್ಕೆ ಯೂರೋಪು ದೂರದ ಚಿಲಿ ದೇಶದ ಗಣಿಗಳನ್ನು ನೆಚ್ಚಿಕೊಂಡಿತ್ತು. ಆ ನಿಕ್ಷೇಪ ಬರಿದಾದರೆ ಅನ್ನಕ್ಕೇ ಸಂಚಕಾರ ಎಂದು ಇಂಗ್ಲೆಂಡಿನ ವಿಲಿಯಂ ಕ್ರೂಕ್ಸ್ 1898ರಲ್ಲೇ ಎಚ್ಚರಿಸಿದ್ದರು. ಗಾಳಿಯ ಸಾರಜನಕವನ್ನು ಗೊಬ್ಬರವಾಗಿಸುವ ದಾರಿ ಹುಡುಕುತ್ತಿದ್ದ ಎಂಜಿನಿಯರ್ ಸ್ಯಾಮ್ ಐಡೆ ಬಿರ್ಕೆಲಾಂಡರನ್ನು ಭೇಟಿಯಾದದ್ದು ಅದೇ 1903ರಲ್ಲಿ. ಐಡೆಗೆ ಬೇಕಾಗಿದ್ದುದು ಮಿಂಚು. ಬಿರ್ಕೆಲಾಂಡರಿಗೆ ಅದನ್ನು ಮಾಡುವುದು ಗೊತ್ತಿತ್ತು. ವಿದ್ಯುತ್ ಕಿಡಿಯನ್ನು ಕಾಂತಕ್ಷೇತ್ರದಿಂದ ತಟ್ಟೆಯಂತೆ ಅಗಲಿಸಿ, ಅದರ ಮೂಲಕ ಗಾಳಿಯನ್ನು ಹಾಯಿಸಿದರು. ಸಾರಜನಕ ಆಮ್ಲಜನಕದೊಡನೆ ಕೂಡಿತು. ಅದರಿಂದ ನೈಟ್ರಿಕ್ ಆಮ್ಲ, ಆಮ್ಲಕ್ಕೆ ಸುಣ್ಣಕಲ್ಲು ಸೇರಿಸಿದರೆ ಕ್ಯಾಲ್ಸಿಯಂ ನೈಟ್ರೇಟ್ ಗೊಬ್ಬರ. ನಾರ್ವೆಯ ಜಲಪಾತಗಳು ವಿದ್ಯುತ್ ಕೊಟ್ಟವು. 1905ರಲ್ಲಿ ನಾರ್ಸ್ಕ್ ಹೈಡ್ರೊ ಕಂಪೆನಿ ಹುಟ್ಟಿತು. ಕಡಿಮೆ ವಿದ್ಯುತ್ ಬೇಡುವ ಹೇಬರ್-ಬಾಷ್ ವಿಧಾನ ಬಂದ ಮೇಲೆ ಈ ವಿಧಾನ ಹಿಂದೆ ಸರಿಯಿತು. ಆದರೂ ಗಾಳಿಯಿಂದ ಗೊಬ್ಬರವನ್ನು ಕಾರ್ಖಾನೆಯ ಪ್ರಮಾಣದಲ್ಲಿ ತೆಗೆದ ಮೊದಲಿಗರ ಸಾಲಿನಲ್ಲಿ ಇವರಿಬ್ಬರ ಹೆಸರು ಉಳಿದಿದೆ.

ಮುಳುಗದ ಸೂರ್ಯ

ವಿಶ್ವವಿದ್ಯಾನಿಲಯಕ್ಕೆ 100 ವರ್ಷ ತುಂಬಿದ 1911ರಲ್ಲಿ ನಡುವಿನ ಕಟ್ಟಡಕ್ಕೆ ಹೊಸ ಸಭಾಂಗಣ ಸೇರಿತು. ಇದಕ್ಕೆ ಆವ್ಲಾ ಎಂದು ಹೆಸರು. ಇದರ ಗೋಡೆಗಳಿಗೆ ಚಿತ್ರ ಬರೆದವರು ಎಡ್ವರ್ಡ್ ಮುಂಕ್. ಅವರ ದೊಡ್ಡಪ್ಪ, ಇತಿಹಾಸಕಾರ ಪಿ. ಎ. ಮುಂಕ್ ಅವರ ಪ್ರತಿಮೆ ಹೊರಗಿನ ಚೌಕದಲ್ಲೇ ಇದೆ. ಆದರೂ ಎಡ್ವರ್ಡರ ಚಿತ್ರಗಳು ಸುಲಭವಾಗಿ ಒಪ್ಪಿಗೆಯಾಗಲಿಲ್ಲ. ವರ್ಷಗಟ್ಟಲೆ ಚರ್ಚೆ ನಡೆದು, 1916ರಲ್ಲಿ ಅವು ಗೋಡೆಯನ್ನೇರಿದವು.

ಒಟ್ಟು 11 ಚಿತ್ರಗಳು. ವೇದಿಕೆಯ ಹಿಂದಿನ ಗೋಡೆಯಲ್ಲಿ ಕಡಲಿನ ಮೇಲೆ ಉದಯಿಸುವ ಬೃಹತ್ ಸೂರ್ಯ. ಸುಮಾರು ಎಂಟು ಮೀಟರ್ ಅಗಲದ ಚಿತ್ರ. ಒಂದು ಪಕ್ಕದಲ್ಲಿ 'ಇತಿಹಾಸ': ಮರದ ಕೆಳಗೆ ಕುಳಿತ ಮುದುಕನೊಬ್ಬ ಬಾಲಕನಿಗೆ ಏನನ್ನೋ ಹೇಳುತ್ತಿದ್ದಾನೆ. ಅದರ ಎದುರು ಗೋಡೆಯಲ್ಲಿ 'ಆಲ್ಮಾ ಮಾಟರ್': ಕಡಲ ದಂಡೆಯಲ್ಲಿ ಮಗುವನ್ನು ಎದೆಗೊತ್ತಿಕೊಂಡ ತಾಯಿ. ನಿಲುವಂಗಿ ತೊಟ್ಟ ಪಂಡಿತರ ಬದಲು ಹಳ್ಳಿಯ ಅಜ್ಜ ಮತ್ತು ತಾಯಿಯೇ ಇಲ್ಲಿ ಮೊದಲ ಗುರುಗಳು.

1947ರಿಂದ 1989ರವರೆಗೆ ನೊಬೆಲ್ ಶಾಂತಿ ಪ್ರಶಸ್ತಿಯನ್ನು ಈ ಸಭಾಂಗಣದಲ್ಲೇ ಕೊಡಲಾಗುತ್ತಿತ್ತು. ದಿನ ಡಿಸೆಂಬರ್ 10. ಆಗ ಓಸ್ಲೊದಲ್ಲಿ ಹಗಲು ಆರು ಗಂಟೆಯಷ್ಟು ಮಾತ್ರ. ಮಧ್ಯಾಹ್ನ ಮೂರು ದಾಟುತ್ತಲೇ ಸೂರ್ಯಾಸ್ತ. ಹೊರಗೆ ಮಬ್ಬು ಕವಿಯುವ ಆ ದಿನಗಳಲ್ಲಿ ಮುಂಕ್‌ರ ಸೂರ್ಯನ ಎದುರು 1964ರಲ್ಲಿ ಮಾರ್ಟಿನ್ ಲೂಥರ್ ಕಿಂಗ್, 1979ರಲ್ಲಿ ಕೊಲ್ಕತ್ತೆಯ ಮದರ್ ತೆರೇಸಾ ನಿಂತರು. ಆಬೆಲ್ ಹೆಸರಿನ ಗಣಿತ ಪ್ರಶಸ್ತಿಯನ್ನು 2003ರಿಂದ ನೀಡಲಾಗುತ್ತಿದೆ. 2007ರಲ್ಲಿ ಅದನ್ನು ಪಡೆದವರು ಚೆನ್ನೈಯಲ್ಲಿ ಹುಟ್ಟಿದ ಎಸ್. ಆರ್. ಶ್ರೀನಿವಾಸ ವರಧನ್.

ಸೀಟಿಗಾಗಿ ಸೆರೆ

ಈ ಬಾಗಿಲಿನ ಅತ್ಯಂತ ಕಠಿಣ ಪರೀಕ್ಷೆ ನಡೆದದ್ದು 1943ರಲ್ಲಿ. ನಾರ್ವೆ ಆಗ ಹಿಟ್ಲರನ ಸೇನೆಯ ವಶದಲ್ಲಿತ್ತು. ಪ್ರವೇಶದ ನಿಯಮವನ್ನು ತಿದ್ದಿ, ನಾಜಿಗಳ ಪರವಾದ ಪಕ್ಷದವರಿಗೆ ಅನುಕೂಲವಾಗುವಂತೆ ಸೀಟು ಹಂಚಲು ಕೈಗೊಂಬೆ ಸರ್ಕಾರ ಮುಂದಾಯಿತು. ಪ್ರಾಧ್ಯಾಪಕರು, ವಿದ್ಯಾರ್ಥಿಗಳು ಇದನ್ನು ಪ್ರತಿಭಟಿಸಿದರು. ಬಂಧನಗಳು ಶುರುವಾದವು. ನವೆಂಬರ್ ಕೊನೆಯಲ್ಲಿ ಆವ್ಲಾದಲ್ಲಿ ಬೆಂಕಿ ಕಾಣಿಸಿಕೊಂಡಿತು. ಅದನ್ನೇ ನೆಪ ಮಾಡಿಕೊಂಡು ನವೆಂಬರ್ 30ರಂದು ಜರ್ಮನ್ನರು ವಿಶ್ವವಿದ್ಯಾನಿಲಯವನ್ನು ಮುಚ್ಚಿ, ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಹಿಡಿದರು. ಅವರಲ್ಲಿ ಆರುನೂರಕ್ಕೂ ಹೆಚ್ಚು ಮಂದಿಯನ್ನು ಜರ್ಮನಿಯ ಶಿಬಿರಗಳಿಗೆ ಸಾಗಿಸಿದರು. ಕೆಲವರು ಮರಳಿ ಬರಲಿಲ್ಲ. 1945ರ ಮೇ ತಿಂಗಳಲ್ಲಿ ದೇಶ ಬಿಡುಗಡೆಯಾಗುವವರೆಗೂ ಬಾಗಿಲು ಮುಚ್ಚಿಯೇ ಇತ್ತು.

ಅವರ ಹೋರಾಟ ತಮಗೊಂದು ಸೀಟು ಬೇಕೆಂಬುದಕ್ಕಲ್ಲ ಎಂಬುದನ್ನು ನೆನೆಯಬೇಕು. ಅವರು ಆಗಲೇ ಒಳಗಿದ್ದವರು. ಮುಂದೆ ಬರುವವರು ಯೋಗ್ಯತೆಯಿಂದಲೇ ಬರಬೇಕು ಎಂಬುದಷ್ಟೇ ಅವರ ಹಟ.

ನೋಡ ಹೋಗುವವರಿಗೆ

ವಿಶ್ವವಿದ್ಯಾನಿಲಯದ ಬಹುಪಾಲು ವಿಭಾಗಗಳು ಈಗ ನಗರದ ಬ್ಲಿಂಡರ್ನ್ ಆವರಣದಲ್ಲಿವೆ. ಹಳೆಯ ಚೌಕಕ್ಕೆ ನ್ಯಾಷನಲ್ ಥಿಯೇಟರ್ ಮೆಟ್ರೊ ನಿಲ್ದಾಣ ಬಲು ಹತ್ತಿರ. ಚೌಕದಲ್ಲಿ ಯಾರು ಬೇಕಾದರೂ ಅಡ್ಡಾಡಬಹುದು. ಆವ್ಲಾ ಸದಾ ತೆರೆದಿರುವುದಿಲ್ಲ. ಸಂಗೀತ ಕಛೇರಿ, ಸಮಾರಂಭ ಅಥವಾ ಸಾರ್ವಜನಿಕರಿಗೆ ಮೀಸಲಾದ ದಿನಗಳನ್ನು ಮೊದಲೇ ವಿಚಾರಿಸಿಕೊಂಡು ಹೋಗುವುದು ಒಳ್ಳೆಯದು. ಅಲ್ಲಿ ಓದುವ ಆಸೆಯಿರುವವರು ಇನ್ನೊಂದು ಮಾತು ತಿಳಿದಿರಬೇಕು. ಬಹುಕಾಲ ಹೊರದೇಶದವರಿಗೂ ನಾರ್ವೆಯ ಸರ್ಕಾರಿ ವಿಶ್ವವಿದ್ಯಾನಿಲಯಗಳಲ್ಲಿ ಬೋಧನಾ ಶುಲ್ಕವಿರಲಿಲ್ಲ. 2023ರಿಂದ ಯೂರೋಪಿನ ಒಕ್ಕೂಟದ ವಲಯಕ್ಕೆ ಸೇರದ ದೇಶಗಳ ಹೊಸ ವಿದ್ಯಾರ್ಥಿಗಳಿಗೆ, ಅಂದರೆ ಭಾರತದವರಿಗೂ, ಶುಲ್ಕ ಬಂದಿದೆ. ಯಾರು ಒಳಗೆ ಬರಬೇಕು ಎಂಬ ಹಳೆಯ ಪ್ರಶ್ನೆ ಹೊಸ ರೂಪದಲ್ಲಿ ಆ ಕಂಬಗಳ ನಡುವೆ ಇಂದಿಗೂ ನಿಂತಿದೆ.